ಓವನ್ನಿನೊಳಗಿನ ಬೂದಿ

ಮೊನ್ನೆ ನಮ್ಮ ಮನೆಯ ಓವನ್ ಕೆಟ್ಟಿತು. ರಾಣೇಬೆನ್ನೂರಿನ ಬಸ್ ನಿಲ್ದಾಣದ ಹಿಂದೆ ಮಿಕ್ಸರ್, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಒಂದು ಪುಟ್ಟ ಅಂಗಡಿಯಿದೆ. ಅಲ್ಲಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಮುಚ್ಚಳ ತೆಗೆದು ಒಳಗೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ಒಳಗೆ ನೋಡಿದ. ಹೊರಡುವ ಗಡಿಬಿಡಿಯಲ್ಲಿ ಒಳಗಿನ ಕೇಕಿನ ಅಚ್ಚು ತೆಗೆದಿಡುವುದನ್ನು ಮರೆತಿದ್ದೆ. ಅಚ್ಚಿನ ತುಂಬ ಬೂದಿ ಇತ್ತು.

"ಅಕ್ಕಾರ, ಕೇಕು ಭಾಳ ಹೊತ್ತು ಇಟ್ಟೀರೇನ್ರಿ?" ಎಂದ.

ಅದು ಕೇಕಿನ ಬೂದಿಯಲ್ಲ. ನನ್ನ ಕೇಕು ತಿಂದವರು ಹಾಗೆ ತಿಳಿದುಕೊಂಡರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ, ಆದರೆ ಇದು ಒಲೆಯ ಬೂದಿ, ಜರಡಿ ಹಿಡಿದ ಶುದ್ಧ ಬೂದಿ. ಇದನ್ನೆಲ್ಲ ಅವನಿಗೆ ವಿವರಿಸುವಷ್ಟರಲ್ಲಿ ಅವನು ಅಚ್ಚನ್ನು ಎತ್ತಿ ಗಟಾರದ ಕಡೆಗೆ ಹೊರಟುಬಿಟ್ಟಿದ್ದ. "ಏ, ಏ, ಚೆಲ್ಲಬ್ಯಾಡ್ರಿ!" ಎಂದು ನಾನು ಕೂಗಿದ ರಭಸಕ್ಕೆ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಬಂಗಾರದ ಸರ ಬೀಳಿಸಿಕೊಂಡವಳಂತೆ ಓಡಿಹೋಗಿ ಅಚ್ಚನ್ನು ಕಸಿದುಕೊಂಡೆ.

"ಇದರಾಗ ಏನ್ ಮಾಡತೀರಿ?"

"ಬಳ್ಳೊಳ್ಳಿ ಸುಡತೇವ್ರಿ."

ಅವನು ಓವನ್ನಿನ ಕಡೆ ತಿರುಗಿ ಸ್ಕ್ರೂ ಬಿಚ್ಚತೊಡಗಿದ. ಹುಚ್ಚರ ಜೊತೆ ಹೆಚ್ಚು ಮಾತಾಡಬಾರದೆಂದು ಅವನ ಅವ್ವ ಹೇಳಿಕೊಟ್ಟಿರಬೇಕು. ನೀವಾದರೂ ಸ್ವಲ್ಪ ಕುಳಿತು ಕೇಳಿ. ಆ ಬೂದಿಯನ್ನು ಅವನು ಚೆಲ್ಲಿದ್ದರೆ ನಾನು ಮನೆಗೆ ಹೋಗಿ ನಮ್ಮ ಅತ್ತೆಗೆ ಮುಖ ತೋರಿಸುವ ಹಾಗೆ ಇರಲಿಲ್ಲ.

ನಾನು ಬ್ಯಾಡಗಿಯವಳು. ಮೆಣಸಿನಕಾಯಿ ಊರಿನವಳೆಂದರೆ ಜನ ಕೂಡಲೇ, ಹಾಗಾದರೆ ನಾಲಿಗೆ ಬಲು ಖಾರ ಇರಬೇಕು ಅನ್ನುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಎಷ್ಟು ಸಲ ತಿದ್ದಿದರೂ ಕೇಳುವುದಿಲ್ಲ. ಕಾಯಿಯ ವಿಷಯದಲ್ಲಿ ನಾನು ಹೇಳುವುದು ಖರೆ, ನನ್ನ ವಿಷಯದಲ್ಲಿ ಅವರು ಹೇಳುವುದು ಖರೆ. ಮಾರುಕಟ್ಟೆಯ ದಿನಗಳಲ್ಲಿ ಊರಿಗೆ ಬಂದ ನೆಂಟರು ಸೀನಿ ಸೀನಿ ಕಂಗಾಲಾಗುತ್ತಿದ್ದರೆ ನಾವು ಮಕ್ಕಳು ಎದುರಿಗೆ ನಿಂತು ಸೀನುಗಳನ್ನು ಎಣಿಸುತ್ತಿದ್ದೆವು.

ನಮ್ಮವ್ವನ ಒಲೆ ಹಿಂದಿನ ಪಡಸಾಲೆಯಲ್ಲಿತ್ತು. ಅವಳೇ ಮಣ್ಣು ಕಲಸಿ ಮೆತ್ತಿದ ಒಲೆ. ವಾರಕ್ಕೊಮ್ಮೆ ಕೆಮ್ಮಣ್ಣಿನಿಂದ ಸಾರಿಸುತ್ತಿದ್ದಳು. ರೊಟ್ಟಿ ಬಡಿಯುವುದು ಮುಗಿದು ಕೆಂಡ ಮಂಕಾಗುವ ಹೊತ್ತಿಗೆ ನಾಲ್ಕು ಇಡೀ ಬೆಳ್ಳುಳ್ಳಿ ಗಡ್ಡೆ ತಂದು, ಸಿಪ್ಪೆ ಕೂಡ ತೆಗೆಯದೆ, ಬಿಸಿ ಬೂದಿಯಲ್ಲಿ ಹೂಳಿಬಿಡುತ್ತಿದ್ದಳು. ಬೇಗ ಆಗಲೆಂದು ನಾವು ಕೆಂಡದೊಳಕ್ಕೆ ತಳ್ಳಲು ಹೋದರೆ ಕೈಮೇಲೆ ಒಂದು ಪೆಟ್ಟು.

"ಕೆಂಡದಾಗ ಹಾಕಿದ್ರ ಕರೀ ಆಗತೈತಿ, ಬೂದ್ಯಾಗ ಹಾಕಿದ್ರ ಹಣ್ಣಾಗತೈತಿ. ತಡೀರಿ, ನಿಮ್ಮ ಹೊಟ್ಟಿ ಏನ್ ಓಡಿ ಹೋಗೂದಿಲ್ಲ," ಎನ್ನುವಳು.

ನಿಜಕ್ಕೂ ಹಣ್ಣಾಗುತ್ತಿತ್ತು. ಹೊರಗಿನ ಸಿಪ್ಪೆ ಹಳೆಯ ಕಾಗದದ ಹಾಗೆ ಉದುರಿ, ಒಳಗಿನ ಎಸಳನ್ನು ಒತ್ತಿದರೆ ಬೆಣ್ಣೆಯಂತೆ ಜಾರಿ ರೊಟ್ಟಿಯ ಮೇಲೆ ಬೀಳುತ್ತಿತ್ತು. ಮೇಲೆ ನಾಲ್ಕು ಹರಳು ಉಪ್ಪು, ಒಂದು ಚಿಟಿಕೆ ಖಾರಪುಡಿ, ಒಂದು ಹನಿ ಶೇಂಗಾ ಎಣ್ಣೆ. ಯಾರಿಗೆ ಕೆಮ್ಮು ಇದೆಯೋ ಅವರಿಗೆ ದೊಡ್ಡ ಎಸಳು ಎಂಬುದು ಅವ್ವನ ಕಾನೂನು. ಹೀಗಾಗಿ ವರ್ಷದ ಹನ್ನೆರಡು ತಿಂಗಳೂ ನನಗೆ ಕೆಮ್ಮು. ನಾನು ಕೆಮ್ಮಿದರೆ ನಮ್ಮ ಅಣ್ಣ ನನಗಿಂತ ಜೋರಾಗಿ ಕೆಮ್ಮುತ್ತಿದ್ದ. "ಇಬ್ಬರೂ ದವಾಖಾನಿಗೆ ಹೋಗಿ ಸೂಜಿ ಮಾಡಿಸಿಕೊಂಡು ಬರ್ರಿ," ಎಂದು ಅವ್ವ ಅಂದ ದಿನ ಇಬ್ಬರ ಕೆಮ್ಮೂ ನಿಂತಿತು. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಮಾತ್ರ ಬೆಂಚಿನ ಆ ತುದಿಗೆ ಹೋಗಿ ಅರ್ಧ ಗಾಳಿಯಲ್ಲೇ ಕೂರುತ್ತಿದ್ದಳು. ಪಾಪ, ಅವಳ ಋಣ ನನ್ನ ಮೇಲಿದೆ.

ಅವ್ವ ನನ್ನ ಮದುವೆಗೆ ಒಂದು ವರ್ಷ ಮೊದಲು ತೀರಿಕೊಂಡಳು. ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ ಇರುವ ಮನೆಗೆ ನನ್ನನ್ನು ಕೊಟ್ಟರು. ನನ್ನ ಅತ್ತೆ ಅವ್ವನನ್ನು ಒಮ್ಮೆಯೂ ನೋಡಿದವರಲ್ಲ. ಕಡಿಮೆ ಮಾತಿನ ಹೆಂಗಸು. ನನ್ನಂಥ ಬಾಯಿಬಡುಕಿಗೆ ಇಂಥ ಅತ್ತೆಯನ್ನು ಗಂಟು ಹಾಕಿದ ದೇವರಿಗೆ ತಮಾಷೆ ಗೊತ್ತು. ನಾನು ಹತ್ತು ಮಾತಾಡಿದರೆ ಅವರು "ಹೂಂ" ಅನ್ನುವರು. ಆ ಹೂಂ ಒಪ್ಪಿಗೆಯೋ ಸಿಟ್ಟೋ ನಿದ್ದೆಯೋ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಓವನ್ ಬಂದದ್ದು ಮದುವೆಯ ಉಡುಗೊರೆಯಾಗಿ, ಕಾಲೇಜಿನ ಗೆಳತಿಯರೆಲ್ಲ ಸೇರಿ ಕೊಟ್ಟದ್ದು. ಈಗಿನಂತೆ ಪೆಟ್ಟಿಗೆಯ ಆಕಾರದ್ದಲ್ಲ. ದುಂಡನೆಯ ಅಲ್ಯುಮಿನಿಯಂ ಓವನ್, ಮುಚ್ಚಳದ ನಡುವೆ ಒಂದು ಗಾಜಿನ ಕಿಂಡಿ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಓಣಿಯಲ್ಲಿ ಓವನ್ ಇದ್ದ ಮನೆ ನಮ್ಮದೊಂದೇ. ಆ ಹೆಮ್ಮೆಗೆ ನಾನು ಹತ್ತು ದಿನ ಹಾವೇರಿಗೆ ಬಸ್ಸಿನಲ್ಲಿ ಓಡಾಡಿ ಬೇಕಿಂಗ್ ಕ್ಲಾಸು ಕಲಿತೆ. ಒಂದು ನೋಟುಬುಕ್ಕಿನ ತುಂಬ ಬರೆದುಕೊಂಡೆ. ಕೊನೆಯ ದಿನ ಮೇಡಂ, "ಇವತ್ತು ಹೊಸಾದು, ಓವನ್ ರೋಸ್ಟೆಡ್ ಗಾರ್ಲಿಕ್," ಎಂದು ಬೆಳ್ಳುಳ್ಳಿಯ ತಲೆ ಕತ್ತರಿಸಿ, ಎಣ್ಣೆ ಸವರಿ, ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಮುಕ್ಕಾಲು ತಾಸು ಓವನ್ನಿನಲ್ಲಿಟ್ಟರು. ತೆಗೆದು ಬ್ರೆಡ್ಡಿಗೆ ಸವರಿದಾಗ ಎಲ್ಲರೂ ಆಹಾ ಎಂದರು. ನಾನು ಒಂದು ತುಂಡು ಬಾಯಿಗಿಟ್ಟವಳು ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದೆ. ಅದು ಅವ್ವನ ರುಚಿಯಾಗಿತ್ತು.

ಆದರೆ ಮನೆಗೆ ಬಂದು ನಾನು ಮಾಡಿದ್ದು ಕೇಕು. ನಮ್ಮ ಮನೆಯೊಳಗೆ ಮೊಟ್ಟೆ ಬರುವುದಿಲ್ಲ, ಮೊಟ್ಟೆಯಿಲ್ಲದೆ ನನ್ನ ಕೇಕು ಏಳುವುದಿಲ್ಲ. ಮೂರನೆಯ ಕೇಕನ್ನು ಅತ್ತೆ ಕೈಯಲ್ಲಿ ಹಿಡಿದು ತೂಗಿ ನೋಡಿ, "ಒಗೀಬ್ಯಾಡ. ಹಿತ್ತಲ ಬಾಗಲಾ ಗಾಳಿಗೆ ಬಡಕೋತೈತಿ, ಅದಕ್ಕ ಆಸರ ಇಡೂಣು," ಎಂದರು. ಅಲ್ಲಿಯವರೆಗೆ ಅವರು ನನ್ನೊಡನೆ ಆಡಿದ್ದ ಅತಿ ಉದ್ದದ ಮಾತು ಅದು. ಓವನ್ನಿನದೇ ತಪ್ಪೆಂದು ನಾನು ಅದನ್ನು ಅಟ್ಟಕ್ಕೆ ಹಾಕಿದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಮರುವರ್ಷ ಬಸುರಿಯಾದೆ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಬ್ಯಾಡಗಿಯಲ್ಲಿ ಆಗ ಅಪ್ಪ ಮತ್ತು ಮದುವೆಯಾಗದ ಅಣ್ಣ ಇಬ್ಬರೇ. ತಮ್ಮ ಅನ್ನ ತಾವು ಬೇಯಿಸಿಕೊಳ್ಳುವುದೇ ದೊಡ್ಡದು. "ಬಾಣಂತನ ನಾನ ಮಾಡತೇನಿ," ಎಂದರು ಅತ್ತೆ, ಅಷ್ಟೆ. ಓಣಿಯ ಹೆಂಗಸರು ಬಂದು, "ತವರಿಲ್ಲದಾಕಿ, ಪಾಪ," ಎಂದು ಲೊಚಗುಟ್ಟುವರು. ನನ್ನ ಎದುರೇ ಅನ್ನುವರು. ನಾನು ನಗುತ್ತಿದ್ದೆ, ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಮಗಳು ಹುಟ್ಟಿದಳು. ಹಾಲು ಸಾಲಲಿಲ್ಲ. ಕೂಸು ಅಳುವುದು, ನಾನು ಅಳುವುದು. ಡಾಕ್ಟರು ತೂಕ ಮಾಡಿ ನೋಡಿ, ಏರಬೇಕಾದಷ್ಟು ಏರಿಲ್ಲ, ತಾಯಿ ಹೊಟ್ಟೆ ತುಂಬ ಉಣ್ಣಬೇಕು, ಕೂಸನ್ನು ಮೇಲಿಂದ ಮೇಲೆ ಎದೆಗೆ ಹಚ್ಚಬೇಕು, ಒಂದು ವಾರ ನೋಡೋಣ, ಆಗದಿದ್ದರೆ ಡಬ್ಬಿ ಹಾಲು ಎಂದರು. ಡಬ್ಬಿ ಹಾಲು ಕುಡಿದು ಬೆಳೆದ ಎಷ್ಟೋ ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ, ಅದು ಈಗ ಗೊತ್ತು. ಆಗ ಮಾತ್ರ ನನಗೆ ಅದು ಸೋಲು ಅನ್ನಿಸಿತ್ತು. ತವರಿಲ್ಲದವಳಿಗೆ ಹಾಲೂ ಇಲ್ಲ ಎಂದು ಆ ಹೆಂಗಸರು ಆಡುವ ಮಾತು ಮಲಗಿದಲ್ಲೇ ಕೇಳಿಸುತ್ತಿತ್ತು.

ಹಾಲು ಹೆಚ್ಚಲೆಂದು ಅತ್ತೆ ಅಳವಿ ಬೀಜದ ಪಾಯಸ ಮಾಡಿದರು, ಸಬ್ಬಸಿಗೆ ಪಲ್ಯ ಮಾಡಿದರು. ಹಲಗೇರಿಯಿಂದ ಸಂತೆಗೆ ಬರುವ ಮುದುಕಿಯ ಹತ್ತಿರ ಜವಾರಿ ಬೆಳ್ಳುಳ್ಳಿ ತಂದರು. ಬಾಣಂತಿಗೆ ಸುಟ್ಟ ಬೆಳ್ಳುಳ್ಳಿ ಬೇಕೇ ಬೇಕು. ಆದರೆ ಸುಡುವುದೆಲ್ಲಿ? ಮನೆ ಹೊಸದಾಗಿ ಕಟ್ಟಿದಾಗ ಒಲೆ ಹೋಗಿತ್ತು. ಅಡುಗೆಗೆ ಗ್ಯಾಸು, ಸ್ನಾನಕ್ಕೆ ಬಾಯ್ಲರು. ಒಂದು ಹಿಡಿ ಬೂದಿ ಬೇಕೆಂದರೂ ಓಣಿಯಲ್ಲಿ ಹುಟ್ಟುತ್ತಿರಲಿಲ್ಲ. ಅತ್ತೆ ಗಡ್ಡೆಯನ್ನು ಕಡ್ಡಿಗೆ ಚುಚ್ಚಿ ಗ್ಯಾಸಿನ ಉರಿಯ ಮೇಲೆ ಹಿಡಿದರು. ಹೊರಗೆ ಇದ್ದಿಲು, ಒಳಗೆ ಹಸಿ. ತಿಂದು ನನಗೆ ಎದೆಯುರಿ ಹತ್ತಿತು. ಎದೆಯುರಿಗೆ ಊಟ ಸೇರಲಿಲ್ಲ, ಊಟವಿಲ್ಲದೆ ಹಾಲು ಇನ್ನೂ ಇಳಿಯಿತು.

ಆಗ ನನಗೆ ಅಟ್ಟದ ಮೇಲಿನ ಓವನ್ ನೆನಪಾಯಿತು. ಮಲಗಿದಲ್ಲಿಂದಲೇ ನೋಟುಬುಕ್ಕು ನೋಡಿ ಹೇಳುತ್ತ ಹೋದೆ. ಕರೆಂಟಿನ ಸಾಮಾನು ಅಂದರೆ ಮಾರು ದೂರ ನಿಲ್ಲುವ ಅತ್ತೆ, ಮರದ ಮಣೆಯ ಮೇಲೆ ನಿಂತು, ಸೆರಗಿನಲ್ಲಿ ಕೈ ಸುತ್ತಿಕೊಂಡು ಸ್ವಿಚ್ಚು ಒತ್ತಿದರು. ಕಾಲು ತಾಸಿಗೆ ಕರೆಂಟು ಹೋಯಿತು. ಆ ದಿನಗಳಲ್ಲಿ ನಮ್ಮಲ್ಲಿ ಕರೆಂಟು ನೆಂಟರ ಹಾಗೆ ಬರುತ್ತಿತ್ತು, ಚಹಾ ಕುಡಿದು ಹೋಗುತ್ತಿತ್ತು. ಓವನ್ ತಣ್ಣಗಾಯಿತು. ಬೆಳ್ಳುಳ್ಳಿ ಅತ್ತ ಹಸಿಯೂ ಅಲ್ಲ, ಇತ್ತ ಬೆಂದದ್ದೂ ಅಲ್ಲ. ಎರಡು ದಿನ ಹೀಗೇ ಆಯಿತು.

ಮೂರನೆಯ ದಿನ ಅತ್ತೆ ತಟ್ಟೆ ತಂದು ಮುಂದಿಟ್ಟಾಗ ನಾನು ಅದನ್ನು ಆಚೆ ಸರಿಸಿದೆ. ಬಾಯಿಂದ ಮಾತು ಬಂದುಬಿಟ್ಟಿತು.

"ನಮ್ಮವ್ವ ಇದ್ದಿದ್ರ ಒಲ್ಯಾಗ, ಬೂದ್ಯಾಗ ಹಣ್ಣು ಮಾಡಿ ಕೊಡತಿದ್ಲು. ನನ್ನ ನಸೀಬದಾಗ ಅದೂ ಇಲ್ಲ."

ಅತ್ತೆ ಹೂಂ ಕೂಡ ಅನ್ನಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಎದ್ದು ನೋಡಿದರೆ ಅತ್ತೆ ಇಲ್ಲ. ಎದುರು ಮನೆಯವರು ಬಂದು ಕೂಸಿನ ಹತ್ತಿರ ಕೂತಿದ್ದರು. "ಬ್ಯಾಡಗಿಗೆ ಹೋಗ್ಯಾರಂತವಾ, ಮೆಣಸಿನಕಾಯಿ ತರಾಕ," ಎಂದರು ಅವರು. ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಹಸಿ ಬಾಣಂತಿ, ಕೂಸಿಗೆ ಹಾಲಿಲ್ಲ, ಇವರಿಗೆ ಮೆಣಸಿನಕಾಯಿ! ಅದೂ ನನ್ನ ತವರೂರಿನಿಂದ! ನಿನ್ನೆಯ ಮಾತಿಗೆ ಹೀಗೆ ಸೇಡು ತೀರಿಸಿಕೊಂಡರು ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಒಂದು ಕೈಚೀಲ ಕಾಯಿ ಹಿಡಿದುಕೊಂಡು ಬಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಜರಡಿಯ ಸಪ್ಪಳ. ಆಮೇಲೆ ಓವನ್ನಿನ ಮುಚ್ಚಳದ ಸಪ್ಪಳ. ಎದ್ದು ಹೋಗಿ ನೋಡಿದರೆ ನನ್ನ ಹೊಸ ಕೇಕಿನ ಅಚ್ಚಿನ ತುಂಬ ಬೂದಿ! ಅದರೊಳಗೆ ಅತ್ತೆ ಬೆಳ್ಳುಳ್ಳಿ ಗಡ್ಡೆಗಳನ್ನು ಒಂದೊಂದಾಗಿ ಹೂಳುತ್ತಿದ್ದರು.

"ಅತ್ತೀ, ಏನ್ ಮಾಡಾಕತ್ತೀರಿ! ಅದೇನ್ ಒಲಿ ಅಲ್ರಿ. ಓವನ್‌ದಾಗ ಯಾರರ ಬೂದಿ ಹಾಕತಾರೇನು? ಹಾಳಾಗಿ ಹೋತು!"

"ನೀನ ಹೇಳಿದ್ದಿ ಅಲ್ಲಾ, ನಿಮ್ಮವ್ವ ಬೂದ್ಯಾಗ ಹಣ್ಣು ಮಾಡತಿದ್ಲು ಅಂತ."

"ಹಂಗಂತ ಎಲ್ಲಿದೋ ಏನೋ ಬೂದಿ? ಇಸ್ತ್ರಿ ಅಂಗಡಿ ಇದ್ದಿಲ ಬೂದಿ ತಂದೀರೇನು?"

"ಎಲ್ಲೀದಾದ್ರೇನು," ಎಂದರು ಅತ್ತೆ, ತಲೆ ಎತ್ತದೆ. "ಬೂದಿ ಬೂದೀನ. ಹೋಗಿ ಮಲಕೋ, ಗಾಳ್ಯಾಗ ನಿಂದರಬ್ಯಾಡ."

ನಾನು ಹೋಗಿ ಮಲಗಿದೆ. ಮಲಗಿ ಗೆಳತಿಯರ ಉಡುಗೊರೆ ಹಾಳಾಯಿತೆಂದು ಕಣ್ಣೀರು ಹಾಕಿದೆ. ಕಾಲು ತಾಸಿಗೆ ಎಂದಿನಂತೆ ಕರೆಂಟು ಹೋಯಿತು. ಆಗಲಿ, ಒಳ್ಳೆಯದೇ ಆಯಿತು ಎಂದುಕೊಂಡೆ. ಅತ್ತೆ ಮಾತ್ರ ಮುಚ್ಚಳ ತೆಗೆಯಲಿಲ್ಲ. ಓವನ್ನಿನ ಮುಂದೆಯೇ ಕುಳಿತು ಸಬ್ಬಸಿಗೆ ಸೋಸಿದರು, ಕೂಸಿನ ಬಟ್ಟೆ ಮಡಚಿದರು. ಕರೆಂಟು ಹೋದರೂ ಬೂದಿಯ ಕಾವು ಹೋಗಿರಲಿಲ್ಲ. ಅದು ಮಾತಿಲ್ಲದೆ ತನ್ನ ಕೆಲಸ ಮಾಡುತ್ತಿತ್ತು. ತಾಸಿನ ಮೇಲೆ ಅತ್ತೆ ತಟ್ಟೆ ತಂದು ಮುಂದಿಟ್ಟರು. ಬಿಸಿ ರೊಟ್ಟಿ, ತುಪ್ಪ, ಎರಡು ಗಡ್ಡೆ. ಸಿಪ್ಪೆ ಉದುರಿತು, ಎಸಳು ಜಾರಿ ರೊಟ್ಟಿಯ ಮೇಲೆ ಬಿತ್ತು. ನಾನು ತಲೆ ತಗ್ಗಿಸಿಕೊಂಡು ಮೂರು ರೊಟ್ಟಿ ತಿಂದೆ.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಎದೆಯುರಿ ಇಲ್ಲ, ಹೊಟ್ಟೆ ತುಂಬ ಊಟ, ಊಟದ ಮೇಲೆ ನಿದ್ದೆ. ವಾರ ಕಳೆದು ಕೂಸನ್ನು ತೂಕಕ್ಕೆ ಇಟ್ಟಾಗ ಡಾಕ್ಟರು, "ಬರೋಬ್ಬರಿ ಆಗೇತಿ," ಎಂದರು. ಬೆಳ್ಳುಳ್ಳಿಯಿಂದ ಎಂದು ಅತ್ತೆ ಹೇಳಿದಾಗ ಅವರು ನಕ್ಕು, ತಾಯಿ ಉಂಡದ್ದರಿಂದ ಎಂದರು. ಇಬ್ಬರಲ್ಲಿ ಯಾರ ಮಾತು ಸರಿಯೋ ನಾನು ಕೇಳಲು ಹೋಗಿಲ್ಲ. ಉಣ್ಣಿಸಿದವರು ಯಾರು ಎಂಬುದು ನನಗೆ ಗೊತ್ತಿತ್ತು.

ಅಲ್ಲಿಂದ ಓವನ್ ಮತ್ತೆ ಅಟ್ಟ ಹತ್ತಲಿಲ್ಲ. ಬೂದಿಯ ಬೆಳ್ಳುಳ್ಳಿ ನಮ್ಮ ಅಡುಗೆಯ ತುಂಬ ಹಬ್ಬಿತು. ಸುಟ್ಟ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿ ತಿಂದವರು ಹಸಿ ಬೆಳ್ಳುಳ್ಳಿಯದನ್ನು ಕೇಳುವುದಿಲ್ಲ. ಬದನೆಕಾಯಿ ಎಣ್ಣೆಗಾಯಿಯ ಮಸಾಲೆಗೆ ನಾಲ್ಕು ಎಸಳು, ತೊಗರಿಬೇಳೆ ಸಾರಿಗೆ ಕಿವುಚಿ ಎರಡು. ಗಟ್ಟಿ ಮೊಸರಿಗೆ ಕಲಸಿ ಮೇಲೆ ಬ್ಯಾಡಗಿ ಕಾಯಿಯ ಒಗ್ಗರಣೆ ಕೊಟ್ಟರೆ ನಮ್ಮ ಮನೆಯವರು ಅಂಗಡಿಗೆ ಹೋಗುವುದನ್ನೂ ಮರೆಯುತ್ತಾರೆ. ಓಣಿಯಲ್ಲಿ ಯಾರು ಬಾಣಂತಿಯಾದರೂ ನಮ್ಮ ಮನೆಗೆ ಹೇಳಿಕಳಿಸುತ್ತಾರೆ. ಲೊಚಗುಟ್ಟಿದವರ ಸೊಸೆಗೂ ಕೊಟ್ಟಿದ್ದೇನೆ, ನನ್ನ ದೊಡ್ಡ ಮನಸ್ಸು ನೋಡಿ. ಒಂದೇ ವಿಚಿತ್ರವೆಂದರೆ, ಅತ್ತೆ ಆ ಬೂದಿಯನ್ನು ಚೆಲ್ಲಲು ಬಿಡುತ್ತಿರಲಿಲ್ಲ. ಪ್ರತಿ ಸಲ ಜರಡಿ ಹಿಡಿದು ಅದನ್ನೇ ಮತ್ತೆ ಡಬ್ಬಿಗೆ ತುಂಬುವರು. ಮುದುಕರ ಜಿಪುಣತನ ಎಂದುಕೊಂಡಿದ್ದೆ.

ಮಗಳು ಎರಡನೆಯ ತರಗತಿಗೆ ಬಂದ ವರ್ಷ ಬ್ಯಾಡಗಿಗೆ ಹೋಗಿದ್ದೆ. ಅಣ್ಣನಿಗೆ ಮದುವೆಯಾಗಿತ್ತು. ಹಿಂದಿನ ಪಡಸಾಲೆಯ ಒಲೆ ಕೆಡವಿ ಬಚ್ಚಲು ದೊಡ್ಡದು ಮಾಡಿಸಬೇಕೆಂದು ಅವನು ಮಾತು ತೆಗೆದ. ಅವ್ವ ಹೋದ ಮೇಲೂ ಅಪ್ಪ ದಿನಾ ಅದೇ ಒಲೆಯಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದರು. ಅವರು ಬೇಡ ಅನ್ನಬಹುದೆಂದು ಎಲ್ಲರೂ ಅವರ ಮುಖ ನೋಡಿದೆವು.

"ಕೆಡವ್ರಿ," ಎಂದರು ಅಪ್ಪ. "ಆದ್ರ ರಾಣೇಬೆನ್ನೂರು ಬೀಗತಿಯವರನ್ನ ಒಂದು ಮಾತು ಕೇಳ್ರಿ. ಅವರಿಗೆ ಇನ್ನೂ ಬೂದಿ ಬೇಕಾಗಬಹುದು."

"ಯಾವ ಬೂದಿ?" ಎಂದೆ.

ಅಪ್ಪ ನಾಲಿಗೆ ಕಚ್ಚಿಕೊಂಡರು. ಆಮೇಲೆ ಹೇಳಿದರು.

"ನೀ ಬಾಣಂತಿ ಇದ್ದಾಗ ಒಂದಿನ ಮೊದಲನೇ ಬಸ್ಸಿಗೆ ಬಂದ್ರು. ಚಾ ಸುದ್ದಾ ಕುಡೀಲಿಲ್ಲ. 'ನಿಮ್ಮ ಮನೀಯವರ ಒಲಿ ಯಾವುದ್ರಿ' ಅಂದ್ರು, ತೋರಿಸಿದೆ. ಒಲಿಗೆ ಅರಿಷಿಣ ಕುಂಕುಮ ಹಚ್ಚಿ ಕೈ ಮುಗದ್ರು. 'ಯವ್ವಾ, ನಿನ್ನ ಮಗಳ ಬಾಣಂತನ ನೀ ಮಾಡಬೇಕಾಗಿತ್ತು. ನಿನ್ನ ಒಲಿ ಬೂದಿ ಒಯ್ತೇನಿ, ನೀನ ಬಂದು ಮಾಡು' ಅಂದ್ರು. ಒಂದು ಎಣ್ಣೀ ಡಬ್ಬಿ ತುಂಬಿಕೊಂಡ್ರು. ಡಬ್ಬಿ ಮ್ಯಾಲೆ ನಾನ ನಾಕು ಮೆಣಸಿನಕಾಯಿ ಚೀಲಕ್ಕ ಹಾಕಿ ಕೊಟ್ಟೆ. ನಿನಗ ಹೇಳಬ್ಯಾಡ್ರಿ ಅಂದಿದ್ರು."

ನಾನು ಎದ್ದು ಹಿಂದಿನ ಪಡಸಾಲೆಗೆ ಹೋದೆ. ಒಲೆಯಲ್ಲಿದ್ದ ಬೂದಿಯನ್ನೆಲ್ಲ ಕೈಯಿಂದಲೇ ಒಂದು ಡಬ್ಬಿಗೆ ತುಂಬಿದೆ. ಸಂಜೆಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದವರು ತುಪ್ಪ ಏನ್ರಿ ಎಂದು ಕೇಳಿದರು. ಹೌದೆಂದೆ. ದಾರಿಯುದ್ದಕ್ಕೂ ಅಂದು ಅತ್ತೆಗೆ ಆಡಿದ ಇಸ್ತ್ರಿ ಅಂಗಡಿಯ ಮಾತು ನೆನಪಾಗಿ ನನ್ನ ನಾಲಿಗೆಯನ್ನು ನಾನೇ ಬೈದುಕೊಂಡೆ. ಬ್ಯಾಡಗಿಯ ಎಲ್ಲ ಕಾಯಿಗಳ ಖಾರ ಸೇರಿ ಇದೊಂದಕ್ಕೇ ಬಂದಿದೆ.

ಅತ್ತೆ ಅಡುಗೆಮನೆಯಲ್ಲಿ ಕೂತಿದ್ದರು. ಡಬ್ಬಿಯನ್ನು ಅವರ ಮುಂದಿಟ್ಟು ಮುಚ್ಚಳ ತೆಗೆದೆ. ಅವರು ಒಳಗೆ ನೋಡಿದರು, ನನ್ನ ಮುಖ ನೋಡಿದರು. ಗೊತ್ತಾಗಿ ಹೋಯಿತು.

"ಯಾಕ ಹೇಳಲಿಲ್ಲರೀ ಅತ್ತೀ? ನಾ ಏನೇನೋ ಅಂದೆ ನಿಮಗ."

"ಹೇಳಿದ್ರ ನೀ ಅಳತಿದ್ದಿ. ಬಾಣಂತಿ ಅತ್ರ ಹಾಲು ಬತ್ತತೈತಿ," ಎಂದರು ಅತ್ತೆ. "ಈಗ ಅಳು. ಈಗ ಹಾಲು ಕುಡಿಯೂ ಕೂಸು ಯಾವುದೂ ಇಲ್ಲ ಮನ್ಯಾಗ."

ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ಅವ್ವ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು. ಇನ್ನೊಂದು ಕೈಯಿಂದ ಡಬ್ಬಿಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ಆ ಕಡೆ ತಿರುಗಿ ಅಳು," ಎಂದರು. "ನಿಮ್ಮವ್ವನ ಬೂದಿ ತೊಯ್ತೈತಿ."